ಫ್ಲೆಕ್ಸಿಗೇರಿದ ಜಗದೇವಿಯ ಹಿತ್ತಲು

ಕಾಳಗಿಗೆ ಹೊರಟ ಬೆಳಗಿನ ಬಸ್ಸು ಸೇಡಂ ದಾಟಿ ಎರಡು ಕಿಲೋಮೀಟರು ಹೋಗಿತ್ತೋ ಇಲ್ಲವೋ, ಡ್ರೈವರ್ ಸಾಯಬಣ್ಣ ತಟ್ಟನೆ ವೇಗ ತಗ್ಗಿಸಿದ. ಹಿಂದಿನ ಸೀಟಿನವರಿಗೆ ಟಿಕೆಟು ಹರಿಯುತ್ತಿದ್ದ ಕಂಡಕ್ಟರ್ ಜಗದೇವಿ ಕಂಬಿ ಹಿಡಿದುಕೊಂಡು ಮುಂದಕ್ಕೆ ಬಂದಳು.

"ಏನಾತು?"

"ಜಗದೇವಕ್ಕಾ, ಎಡಗಡಿ ನೋಡ್ರಿ. ಅದು ನಿಮ್ಮ ಹಿತ್ತಲ ಅಲ್ಲೇನು?"

ರಸ್ತೆ ಬದಿಗೆ ಹೊಸದಾಗಿ ನಿಲ್ಲಿಸಿದ ಕಬ್ಬಿಣದ ಚೌಕಟ್ಟಿನಲ್ಲಿ ಮನೆಯೆತ್ತರದ ಫ್ಲೆಕ್ಸು ಗಾಳಿಗೆ ಪಟಪಟ ಅನ್ನುತ್ತಿತ್ತು. ಅದರಲ್ಲಿ ಜಗದೇವಿಯ ಹಿತ್ತಲಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಒಡೆದ ಚೂರು ಜೋಡಿಸಿ ಅವಳೇ ಹಾಕಿದ ಸೊಟ್ಟ ಕಾಲುದಾರಿ, ಗೋಡೆಗುಂಟ ಹೂಬಿಟ್ಟ ಕಣಗಿಲೆ, ಮೂಲೆಯ ಸೀತಾಫಲ, ಬಚ್ಚಲ ನೀರು ಹರಿಯುವ ಕಾಲುವೆಯ ಪಕ್ಕದ ದುಂಡು ಮಲ್ಲಿಗೆ. ಮೇಲೆ ದಪ್ಪ ಅಕ್ಷರ: "ನಂದನವನ ಲೇಔಟ್. ನಮ್ಮ ತಜ್ಞರ ವಿನ್ಯಾಸ. ಪ್ರತಿ ಮನೆಗೂ ಇಂಥದೇ ಹಿತ್ತಲು!"

ಆ ಫೋಟೋ ತೆಗೆದ ದಿನ ಅವಳಿಗೆ ನೆನಪಿತ್ತು. ಲೇಔಟು ಮಾಡಿ ಮಾರುವ, ಗಂಡನ ಪರಿಚಯದ ರಮೇಶಕುಮಾರ ಚಹಾಕ್ಕೆಂದು ಬಂದಿದ್ದ. ಹಿತ್ತಲು ನೋಡಿ, ವಾಹ್ ವಾಹ್ ಎಂದು, ಕಾಲುದಾರಿಯ ಮೇಲೆ ಅವಳನ್ನು ನಿಲ್ಲಿಸಿ ಮೊಬೈಲಿನಲ್ಲಿ ತೆಗೆದಿದ್ದ. ಫ್ಲೆಕ್ಸಿನಲ್ಲಿ ಅವಳಿರಲಿಲ್ಲ. ಅವಳನ್ನು ಅಳಿಸಿ ಆ ಜಾಗದಲ್ಲಿ ಹಸಿರು ತುಂಬಿದ್ದರು. ನೆರಳನ್ನು ಅಳಿಸಲು ಮಾತ್ರ ಮರೆತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸಿನ ನೆರಳು ಫರಸಿಯ ಮೇಲೆ ಉದ್ದಕ್ಕೆ ಬಿದ್ದಿತ್ತು.

"ನಡೀರಿ ಸಾಯಬಣ್ಣ," ಎಂದಳು. ಆ ಟ್ರಿಪ್ಪಿನಲ್ಲಿ ಇಬ್ಬರಿಗೆ ತಪ್ಪು ಟಿಕೆಟು ಕೊಟ್ಟಳು. ಹನ್ನೊಂದು ವರ್ಷದ ನೌಕರಿಯಲ್ಲಿ ಹಾಗಾಗಿದ್ದು ಕಡಿಮೆ.

ಆ ಹಿತ್ತಲಿಗೆ ಎರಡು ವರ್ಷ ಹಿಡಿದಿತ್ತು. ಮೊದಲು ಅಲ್ಲಿದ್ದದ್ದು ಮನೆ ಕಟ್ಟಿದಾಗ ಉಳಿದ ಕಲ್ಲು, ಸಿಮೆಂಟಿನ ಹೆಂಟೆ, ಮುಳ್ಳು. ಗಾಡಿಯಲ್ಲಿ ಗಿಡ ಮಾರುತ್ತ ಬಂದವನ ಮಾತು ಕೇಳಿ ಮೊದಲ ವರ್ಷ ಗುಲಾಬಿ, ಕ್ರೋಟನ್, ಬಣ್ಣದ ದಾಸವಾಳ ತಂದು ನೆಟ್ಟಳು. ಎರಡು ತಿಂಗಳಿಗೆ ಎಲೆಗಳೆಲ್ಲ ಹಳದಿ ತಿರುಗಿದವು, ನರಗಳಷ್ಟೇ ಹಸಿರು. ಇನ್ನೂ ಗೊಬ್ಬರ ಹಾಕಿದಳು, ಇನ್ನೂ ನೀರು ಬಿಟ್ಟಳು. ಒಂದೊಂದಾಗಿ ಎಲ್ಲ ಸತ್ತವು. ಒಂದು ಸತ್ತ ಗಿಡವನ್ನು ಕಿತ್ತು ನೋಡಿದಾಗ ಬೇರು ಒಂದು ಗೇಣು ಇಳಿದು, ಬಂಡೆಗೆ ತಾಗಿ, ಚಾಪೆಯ ಹಾಗೆ ಸುರುಳಿ ಸುತ್ತಿಕೊಂಡಿತ್ತು.

ಅಂದಿನಿಂದ ಅವಳು ಬಸ್ಸಿನ ಕಿಟಕಿಯಿಂದ ಗಿಡ ನೋಡಲು ಶುರುಮಾಡಿದಳು. ಈ ಸುಣ್ಣಕಲ್ಲಿನ ನೆಲದಲ್ಲಿ ಯಾರೂ ನೀರು ಹಾಕದೆ ಯಾವುದು ಬದುಕಿದೆ? ಕೋಡ್ಲಾದ ಹತ್ತಿರ ಸಿಮೆಂಟ್ ಕಾರ್ಖಾನೆಯ ಬೂದು ಧೂಳು ಹೊದ್ದುಕೊಂಡೇ ಕಣಗಿಲೆ ಹೂಬಿಡುತ್ತಿತ್ತು, ಆಡುಗಳೂ ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಬದುವಿನ ಕಲ್ಲಿನ ಸಂದಿಯಲ್ಲಿ ಸೀತಾಫಲ ನಿಂತಿತ್ತು. ಚಿಂಚೋಳಿ ಕಡೆಯ ಡ್ಯೂಟಿ ಬಿದ್ದ ದಿನ ಐನಾಪುರದ ಒಬ್ಬ ಅಜ್ಜಿ ದಾಳಿಂಬೆಯ ಸಸಿ ಕೊಟ್ಟಳು. ಕಾಳಗಿಯ ಸಂತೆಗೆ ಹೋಗುವ ಹೆಂಗಸರು ಮಲ್ಲಿಗೆಯ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದರು. ಸಾಯಬಣ್ಣ ಎಂಜಿನ್ನಿನ ಪಕ್ಕ ಅವಕ್ಕೆ ಜಾಗ ಮಾಡಿ, ಬಿಸಿ ತಾಗದಂತೆ ಗೋಣಿಚೀಲ ಹಾಸಿಕೊಡುತ್ತಿದ್ದ.

ರಜೆಯ ದಿನ ಅವಳು ಹಾರೆ ಹಿಡಿದು ಬಂಡೆ ಒಡೆದಳು. ಪ್ರತಿ ಗಿಡಕ್ಕೂ ಸೊಂಟದಾಳದ ತಗ್ಗು. ತಳಕ್ಕೆ ಕಲ್ಲಿನ ಚೂರು, ಮೇಲೆ ಹೊಲದ ಕರಿ ಮಣ್ಣು, ಸಗಣಿ ಗೊಬ್ಬರ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು ಗಟ್ಟಿಯಾದವು. ಬೇಳೆ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದ ಗಂಡ ಧರ್ಮಣ್ಣ ಕಟ್ಟೆಯ ಮೇಲೆ ಕೂತು, "ಏನ್ ಹುಚ್ಚ ಹಚ್ಕೊಂಡಿ," ಎಂದು ನಗುತ್ತಿದ್ದ. ನೀರು ಕುಡಿಯಲು ತಂದುಕೊಡುತ್ತಿದ್ದ, ಅದನ್ನು ಇಲ್ಲವೆನ್ನುವಂತಿಲ್ಲ. ಹಾರೆ ಮಾತ್ರ ಮುಟ್ಟಲಿಲ್ಲ.

ಆ ಸಂಜೆ ಅವಳು ಯೂನಿಫಾರ್ಮೂ ಬಿಚ್ಚದೆ ಕೇಳಿದಳು.

"ರಮೇಶಕುಮಾರ ನಮ್ಮ ಹಿತ್ತಲದ ಫೋಟೋ ರೋಡಿಗಿ ಹಾಕ್ಯಾನ. ನಿಮಗ ಗೊತ್ತದೇನು?"

ಧರ್ಮಣ್ಣ ಪೇಪರಿನಿಂದ ತಲೆ ಎತ್ತಿದ. "ಹೌದು, ಫೋನ್ ಮಾಡಿ ಕೇಳಿದ. ಹಾಕ್ಕೋ ಅಂದೀನಿ."

"ನನಗ್ಯಾಕ ಹೇಳ್ಲಿಲ್ಲ?"

"ಅದರಾಗೇನು ಹೇಳೂದದ? ಫೋಟೋ ಹಾಕಿದ್ರ ನಮ್ಮದೇನು ಹೋಗ್ತದ?"

"ನನ್ನ ಅಳಿಸ್ಯಾರ. ತಜ್ಞರು ಮಾಡಿದ್ದು ಅಂತ ಬರದಾರ. ಯಾವ ತಜ್ಞ ಬಂದು ಇಲ್ಲಿ ಹಾರಿ ಹಾಕ್ಯಾನ? ಹೆಸರು ಹೇಳ್ರಿ ನೋಡೂಣು!"

"ಜಾಹೀರಾತು ಅಂದ್ರ ಹಂಗೇ ಇರ್ತದ. ಸಣ್ಣ ಮಾತಿಗಿ ಇಷ್ಟು ಸಿಟ್ಟಾದ್ರ ಹ್ಯಾಂಗ?"

ಜಗದೇವಿ ಅಡಿಗೆಮನೆಗೆ ಹೋದಳು. ರೊಟ್ಟಿ ಬಡಿಯುವ ಸಪ್ಪಳ ಆ ದಿನ ನಾಲ್ಕು ಮನೆಗೆ ಕೇಳಿತು. ಅವನಿಗೆ ಬಡಿಸಿ, ತಾನು ಉಣ್ಣದೆ ಎದ್ದಳು.

ವಾರದ ರಜೆಗೆ ಕಾದು, ಲೇಔಟಿನ ಆಫೀಸಿಗೆ ಹೋದಳು. ತಗಡಿನ ಶೆಡ್ಡು, ಒಳಗೆ ಕೂಲರು. ರಮೇಶಕುಮಾರನ ಎದುರು ಹೈಸ್ಕೂಲು ಮಾಸ್ತರ ಲಾಲ್ ಅಹ್ಮದ್ ಮತ್ತು ಅವರ ಹೆಂಡತಿ ರಶೀದಾಬೇಗಂ ಕೂತಿದ್ದರು. ನಿವೇಶನ ಬುಕ್ ಮಾಡಲು ಬಂದವರು. ರಶೀದಾಬೇಗಂ ಅದೇ ಫೋಟೋ ಇದ್ದ ಬಣ್ಣದ ಕರಪತ್ರದ ಮೇಲೆ ಬೆರಳಿಟ್ಟು ಕೇಳುತ್ತಿದ್ದರು:

"ಈ ಗುಲಾಬಿ ಬಣ್ಣದ ಹೂವಿನ ಗಿಡ ಭಾಳ ಛಂದ ಅದ. ಯಾವ್ದಿದು?"

"ಅದಾ? ಅದು ಫಾರಿನ್ ಗಿಡ ಮೇಡಂ. ಹೈದರಾಬಾದಿಂದ ಸ್ಪೆಷಲ್ ತರಸ್ತೀವಿ."

ಬಾಗಿಲಲ್ಲಿ ನಿಂತಿದ್ದ ಜಗದೇವಿಯ ಕಿವಿ ಬಿಸಿಯಾಯಿತು.

"ಅದು ಕಣಗಿಲಿ!" ಎಂದಳು. "ಕೋಡ್ಲಾ ರೋಡಿನ ಬದೀಗಿಂದ ನಾನೇ ಟೊಂಗಿ ಮುರಕೊಂಡು ಬಂದು ಹಚ್ಚೀನಿ."

ಮೂವರೂ ತಿರುಗಿದರು. ರಮೇಶಕುಮಾರ ಸ್ವಂತ ಅತ್ತಿಗೆ ಬಂದಂತೆ ನಗುತ್ತ ಎದ್ದ. "ಬರ್ರಿ ವೈನಿ, ಕುಂದ್ರಿ. ಚಹಾ ತರಸ್ತೀನಿ."

"ಚಹಾ ಬ್ಯಾಡ. ನನ್ನ ಹಿತ್ತಲ ನಿಮ್ಮದು ಅಂತ ಯಾಕ ಬರದೀರಿ?"

"ಧರ್ಮಣ್ಣೋರ್ನ ಕೇಳೇ ಹಾಕೀನಿ ವೈನಿ. ಮನಿ ಯಜಮಾನ್ರು ಹೂಂ ಅಂದಮ್ಯಾಲ..."

"ಬಂಡಿಗಲ್ಲ ಒಡದಾಕಿ ನಾನು. ಕೈ ನೋಡ್ರಿ." ಅಂಗೈ ಚಾಚಿದಳು. "ನನಗ ಕೇಳಬೇಕಿತ್ತು. ಕೇಳೂದು ಒತ್ತಟ್ಟಿಗಿರ್ಲಿ, ಫೋಟೋದಾಗಿಂದ ನನ್ನ ಕಿತ್ತು ಒಗದೀರಿ. ಕಸ ಇದ್ನೇನು ನಾನು?"

"ಡಿಸೈನಿನವರು ಮಾಡ್ಯಾರ, ನನಗೇನು ಗೊತ್ತು? ಹೋಗ್ಲಿ ಬಿಡ್ರಿ, ಹಬ್ಬಕ್ಕ ನಿಮಗೊಂದು ಛಲೋ ಸೀರಿ ಕಳಸ್ತೀನಿ."

ಸೀರೆಯ ಮಾತು ಬಂದದ್ದೇ ತಪ್ಪಾಯಿತು. ಜಗದೇವಿ ಅವನನ್ನು ಬಿಟ್ಟು ದಂಪತಿಯ ಕಡೆ ತಿರುಗಿದಳು. ಮೇಜಿನ ಮೇಲಿನ ಕರಪತ್ರ ಎತ್ತಿ, ಫರಸಿಯ ಮೇಲಿನ ನೆರಳು ತೋರಿಸಿದಳು.

"ಇದು ನನ್ನ ನೆಳ್ಳು. ನೋಡ್ರಿ ಅಕ್ಕಾರೆ, ನೀವು ಜಾಗ ತಗೋರಿ, ಬಿಡ್ರಿ, ಅದು ನಿಮಗ ಬಿಟ್ಟಿದ್ದು. ಆದ್ರ ಈ ಹಿತ್ತಲ ಇವರು ಕೊಡಂಗಿಲ್ಲ. ಬರ್ರಿ, ನೆಲ ತೋರಸ್ತೀನಿ."

ರಶೀದಾಬೇಗಂ ಗಂಡನ ಮುಖ ನೋಡಿ ಎದ್ದರು. ಲಾಲ್ ಅಹ್ಮದ್ ಹಿಂದೆಯೇ ಬಂದರು. ಲೇಔಟಿನ ಗೇಟಿನೊಳಗೆ ತೋರಿಕೆಗೆಂದು ಹುಲ್ಲು ಹಾಸಿ, ಸಾಲಾಗಿ ಕ್ರೋಟನ್ ನೆಟ್ಟಿದ್ದರು. ಹುಲ್ಲಿನ ಅಂಚು ಆಗಲೇ ಒಣಗಿ ಮೇಲೆದ್ದಿತ್ತು. ಜಗದೇವಿ ಅಲ್ಲೇ ಬಿದ್ದಿದ್ದ ಸಲಿಕೆಯಿಂದ ಒಂದು ಕ್ರೋಟನ್ನಿನ ಬುಡ ಕೆದರಿದಳು. ಮೂರನೇ ಏಟಿಗೆ ಸಲಿಕೆ ಠಣ್ ಎಂದಿತು. ಎರಡಡಿ ಆಚೆ ಕೆದರಿದಳು, ಅಲ್ಲೂ ಠಣ್.

"ವೈನಿ, ಪರರ ಜಾಗಾದಾಗ ಇದೇನು ಮಾಡ್ಲಿಕತ್ತೀರಿ?" ರಮೇಶಕುಮಾರ ಕೂಗುತ್ತ ಬಂದ.

"ಪರರ ಹಿತ್ತಲ ರೋಡಿಗಿ ಹಾಕಿದಾಗ ಈ ಮಾತು ನೆನಪಾಗ್ಲಿಲ್ಲೇನು?"

ಲಾಲ್ ಅಹ್ಮದ್ ಬಗ್ಗಿ ಬಂಡೆಯನ್ನು ಬೆರಳಿನಿಂದ ಬಡಿದು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ರಮೇಶಕುಮಾರ್ ಸಾಹೇಬ್ರೆ, ಬಂಡಿ ಒಡೆಸಿ ಮಣ್ಣು ತುಂಬಿಸಿ ಕೊಡ್ತೀವಿ ಅಂತ ಕರಾರಿನಾಗ ಬರೀತೀರೇನು?"

"ಅದನ್ನ ಹ್ಯಾಂಗ ಬರೀಲಿಕ್ಕಾಗ್ತದ್ರಿ..."

"ಹಂಗಾದ್ರ ನಾವು ಇನ್ನೊಂದು ಸಲ ಬರ್ತೀವಿ." ಇಬ್ಬರೂ ಸ್ಕೂಟರಿನತ್ತ ನಡೆದರು. ಹತ್ತುವ ಮುಂಚೆ ರಶೀದಾಬೇಗಂ ಜಗದೇವಿಯ ಫೋನ್ ನಂಬರು ಬರೆದುಕೊಂಡರು.

ಆ ಸಂಜೆಯೇ ಧರ್ಮಣ್ಣನ ಮೊಬೈಲಿಗೆ ರಮೇಶಕುಮಾರನ ಫೋನು ಬಂತು. ಅವನು ಸ್ಪೀಕರಿಗೆ ಹಾಕಿ ಮೊಬೈಲನ್ನು ಕಟ್ಟೆಯ ಮೇಲಿಟ್ಟ. ಒಳಗೆ ಬೆಂಡೆಕಾಯಿ ಹೆಚ್ಚುತ್ತಿದ್ದ ಜಗದೇವಿಗೂ ದನಿ ಕೇಳಿಸಿತು.

"ಧರ್ಮಣ್ಣೋರೆ, ಗಿರಾಕಿ ಮುಂದ ಮರ್ಯಾದಿ ತೆಗೆದ್ರು ನಿಮ್ಮ ಮನ್ಯಾಗಿನೋರು. ಹೆಂಗಸ್ರನ್ನ ಒಂಚೂರು ಹಿಡಿತದಾಗ ಇಟ್ಕೋರಿ."

ಜಗದೇವಿಯ ಈಳಿಗೆ ನಿಂತಿತು. ಧರ್ಮಣ್ಣ ಹಿತ್ತಲ ಕಡೆಗೆ ನೋಡಿದ. ಅವನ ಕತ್ತು ಕೆಂಪಾಗಿತ್ತು.

"ರಮೇಶಕುಮಾರ, ಹೂಂ ಅಂದಿದ್ದು ನನ್ನ ತಪ್ಪು. ಅದು ನನ್ನ ಹಿತ್ತಲಲ್ಲ, ಆಕೀದು. ಎರಡು ವರ್ಷ ಕಟ್ಟಿ ಮ್ಯಾಲ ಕುಂತು ನೋಡೀನಿ ಅಷ್ಟೇ. ನಾಳಿ ಆ ಫ್ಲೆಕ್ಸ್ ಇಳಸು. ಇಲ್ಲಾಂದ್ರ ನಾನೇ ಬಂದು ಇಳಸ್ತೀನಿ." ಫೋನು ಇಟ್ಟು ಒಳಗೆ ಬಂದ. "ತಪ್ಪಾತು," ಎಂದ.

"ಈ ಮಾತು ಮೊದಲನೇ ದಿನಾನೇ ಅನ್ನಬೇಕಿತ್ತು," ಎಂದಳು ಜಗದೇವಿ, ತಲೆ ಎತ್ತದೆ. ಆದರೂ ಆ ರಾತ್ರಿ ಇಬ್ಬರ ತಾಟನ್ನೂ ಒಟ್ಟಿಗೆ ಇಟ್ಟಳು.

ಮೂರನೇ ದಿನ ಬಸ್ಸು ಆ ದಾರಿಯಲ್ಲಿ ಹೋದಾಗ ಫ್ಲೆಕ್ಸು ಬದಲಾಗಿತ್ತು. ಹೊಸದರಲ್ಲಿ ಯಾವುದೋ ಚಳಿ ದೇಶದ ತೋಟ, ಹಿಂದೆ ಹಿಮದ ಗುಡ್ಡ. ಸಾಯಬಣ್ಣ ಹೊಟ್ಟೆ ಹಿಡಿದು ನಕ್ಕ. ಜಗದೇವಿಗೆ ನಗು ಬರಲಿಲ್ಲ. "ನಮ್ಮ ತಜ್ಞರ ವಿನ್ಯಾಸ" ಎಂಬ ಸಾಲು ಹಾಗೇ ಇತ್ತು. ರಮೇಶಕುಮಾರನಿಂದ ಕ್ಷಮೆಯ ಒಂದು ಮಾತೂ ಬರಲಿಲ್ಲ. ಬಜಾರಿನಲ್ಲಿ ಎದುರಾದರೆ ಅವನು ಈಗಲೂ ರಸ್ತೆ ದಾಟುತ್ತಾನೆ, ಅವಳು ಈಗಲೂ ನೆಟ್ಟ ನೋಟದಿಂದ ಅವನನ್ನೇ ನೋಡುತ್ತಾಳೆ.

ಮಳೆಗಾಲಕ್ಕೆ ಮುಂಚೆ ರಶೀದಾಬೇಗಂ ಫೋನು ಮಾಡಿದರು. ಊರೊಳಗೇ ಒಂದು ಹಳೆಯ ಮನೆ ಕೊಂಡಿದ್ದರು, ಹಿಂದೆ ಸ್ವಲ್ಪ ಜಾಗವಿತ್ತು. ಜಗದೇವಿ ರಜೆಯ ದಿನ ಹೋಗಿ ನೋಡಿದಳು. ಬಾವಿಯ ಪಕ್ಕದ ನೆಲ ಮೆತ್ತಗಿತ್ತು, ಆಚೆಯದು ಬರೀ ಕಲ್ಲು. ಎಲ್ಲೆಲ್ಲಿ ತಗ್ಗು ತೋಡಬೇಕೆಂದು ಸುಣ್ಣದ ಪುಡಿಯಿಂದ ಗುರುತು ಹಾಕಿಕೊಟ್ಟಳು.

"ಇಲ್ಲಿ ಗುಲಾಬಿ ಹಾಕೂಣು," ಎಂದರು ರಶೀದಾಬೇಗಂ.

"ಗುಲಾಬಿ ಬ್ಯಾಡ್ರಿ. ಹಳದಿ ಆಗ್ತದ, ಸಾಯ್ತದ, ನಿಮಗ ಸಂಕಟ ಆಗ್ತದ."

"ಒಂದೇ ಒಂದು!"

ಇಬ್ಬರಿಗೂ ಒಂದು ತಾಸು ವಾದವಾಯಿತು. ಕೊನೆಗೆ ಒಂದು ಗುಲಾಬಿಯನ್ನು ಕುಂಡದಲ್ಲಿ, ಹೊರಗಿನಿಂದ ತಂದ ಕೆಂಪು ಮಣ್ಣಿನಲ್ಲಿ ನೆಡುವುದೆಂದು ತೀರ್ಮಾನವಾಯಿತು. ಆಮೇಲೆ ಲಾಲ್ ಅಹ್ಮದ್ ಅಂಗಿಯ ತೋಳು ಮಡಚಿ, ಹಾರೆ ಹಿಡಿದು ಮೊದಲ ತಗ್ಗು ತೋಡಲು ಇಳಿದರು.