ಮೂರನೆಯ ಮೈಕು

ಹಸಿರು ದೀಪ ಹತ್ತಿತು, ಸೌಂಡ್ ಮಿಕ್ಸರಿನ ಮೂರನೆಯ ಸಾಲಿನಲ್ಲಿ ತೀರಾ ಕೆಳಗಿನದು, ಅವನು ಬರೀ ಉಸಿರು ಬಿಟ್ಟಿದ್ದಕ್ಕೆ — ಮೈಕನ್ನು ಎದೆಗೆ ಅಷ್ಟು ಹತ್ತಿರ ಸಿಕ್ಕಿಸಿದವಳು ನಾನೇ ತಾನೆ, ಐದು ನಿಮಿಷದ ಹಿಂದೆ, ಅವನ ಮೇಲುವಸ್ತ್ರದ ಮಡಿಕೆ ಸರಿಸುವಾಗ ಎರಡು ಸಲ ಕ್ಲಿಪ್ಪು ತಪ್ಪಿತು, ಹತ್ತೊಂಬತ್ತು ವರ್ಷ ಕಂಡಕಂಡವರಿಗೆಲ್ಲ ಮೈಕು ಸಿಕ್ಕಿಸಿದ ಕೈ, ಗುರುಗಳೇ ದನಿ ನೋಡ್ಕೋಬೇಕು, ಬೆಳಿಗ್ಗೆ ಏನು ತಿಂದ್ರಿ ಹೇಳಿ, ಎಲ್ಲರನ್ನೂ ಕೇಳುವುದು ಅದನ್ನೇ, ಈ ಸ್ಟುಡಿಯೋದಲ್ಲಿ ಆ ಒಂದು ಪ್ರಶ್ನೆಗೆ ಮಾತ್ರ ಯಾರೂ ಸುಳ್ಳು ಹೇಳಿದ್ದಿಲ್ಲ, ಮಂತ್ರಿ ಕೂಡ ಎರಡು ಬ್ರೆಡ್ಡು ಒಂದು ಮೊಟ್ಟೆ ಅಂದ, ಸುಳ್ಳೇನಿದ್ದರೂ ಆಮೇಲೆ. ಇವನು ನನ್ನ ಮುಖ ನೋಡಿದ, ಚೆನ್ನಾಗಿ ನೋಡಿದ, ಏನೂ ಇಲ್ಲ ತಾಯಿ, ಇವತ್ತು ಉಪವಾಸ. ತಾಯಿಯಂತೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ನಿನಗಿಂತ ಮೂರು ವರ್ಷ ಚಿಕ್ಕವಳು, ಯಾವ ತಾಯಿಯೋ ನಿನಗೆ. ದೀಕ್ಷೆ ತೆಗೆದುಕೊಂಡವರಿಗೆ ಮನೆಯವರಿಲ್ಲ, ಗೊತ್ತು, ಇಪ್ಪತ್ತೊಂದು ವರ್ಷದಿಂದ ಗೊತ್ತು, ಆದರೂ ಏ ಕಿವುಡಿ ಅನ್ನಬಹುದಿತ್ತು, ಮೆಲ್ಲಗೆ, ನನಗೊಬ್ಬಳಿಗೇ ಕೇಳುವಷ್ಟು — ಅಮ್ಮ ಕೆಲಸಕ್ಕೆ ಕರೆದರೆ ಕೇಳಿಸದ ಹಾಗೆ ಕೂತಿರುತ್ತಿದ್ದೆನೆಂದು ಅವನೇ ಇಟ್ಟ ಹೆಸರು, ಆ ಕಿವುಡಿ ಈಗ ಬೇರೆಯವರ ಉಸಿರು ಕೇಳಿ ಸಂಬಳ ತಗೊಳ್ಳುತ್ತಾಳೆ, ಇದಕ್ಕೆ ನಗಬೇಕಾದವನು ಭೂಮಿಯ ಮೇಲೆ ಅವನೊಬ್ಬನೇ.

ಈಗ ನೇರ ಪ್ರಸಾರ ಶುರುವಾಗಿ ಇಪ್ಪತ್ತು ನಿಮಿಷ, ಮಂತ್ರಿಯ ದೀಪಗಳು ಸಲೀಸಾಗಿ ಏರಿ ಇಳಿಯುತ್ತಿವೆ, ಹವಾಮಾನ ಅಂದ್ಮೇಲೆ ಬದಲಾಗ್ತಾನೇ ಇರುತ್ತೆ, ನಮ್ಮಜ್ಜನ ಕಾಲದಲ್ಲೂ ಸೆಕೆ ಇತ್ತು ರೀ, ಎದುರು ಕೂತ ಜನ ನಗುತ್ತಾರೆ, ಮೂಗಿಗೆ ತುಪ್ಪ ಸವರುವುದರಲ್ಲಿ ಪಳಗಿದವನು, ಪಕ್ಕದಲ್ಲಿ ವಿಜ್ಞಾನಿ, ಪಾಪ, ಆಕೆ ಹೇಳುವುದೆಲ್ಲ ನಿಜ, ಅಂಕಿ ಮೇಲೆ ಅಂಕಿ, ಮೈಕು ಎಷ್ಟು ಏರಿಸಿದರೂ ಕೇಳುವವರಿಗೆ ಆಕಳಿಕೆ. ಆಮೇಲೆ ಮೂರನೆಯ ಮೈಕು, ಅವನು. ಆಕೆ ಹೇಳಿದ್ದನ್ನೇ ಹೇಳಿದ, ಒಂದು ಅಂಕಿಯೂ ಇಲ್ಲದೆ, ಕಡಲು ಒಂದು ಬೀದಿಯೊಳಕ್ಕೆ ಬಂದಿದೆ, ಮೂಲೆಯ ಕ್ಷೌರದಂಗಡಿಯಲ್ಲಿ ಕುರ್ಚಿ ಮುಳುಗುವಷ್ಟು ನೀರು, ನಾವು ಕಲ್ಲಿದ್ದಲು ಎಣ್ಣೆ ಸುಟ್ಟಿದ್ದರ ಫಲ ಅದು — ಕ್ಯಾಮೆರಾದವನು ಚ್ಯೂಯಿಂಗ್ ಗಮ್ ಜಗಿಯುವುದನ್ನು ನಿಲ್ಲಿಸಿದ. ಒಂದು ಬೀದಿಯಂತೆ, ನಮ್ಮ ಬೀದಿ ಕಣೋ ಅದು, ಆ ಕುರ್ಚಿಯಲ್ಲಿ ಹಲಗೆ ಇಟ್ಟು ನಿನ್ನನ್ನು ಕೂರಿಸುತ್ತಿದ್ದರು, ನಾನು ಬಾಗಿಲಲ್ಲಿ ನಿಂತು ನಗುತ್ತಿದ್ದೆ. ಹೆಡ್‌ಫೋನ್ ಒತ್ತಿ ಹಿಡಿದು ಕೇಳಿದೆ, ಎಂಜಲು ನುಂಗಿದ ಸದ್ದು ಇಲ್ಲ. ಚಿಕ್ಕಂದಿನಲ್ಲಿ ಸುಳ್ಳು ಹೇಳುವ ಮುಂಚೆ ಒಂದು ಗುಟುಕು ನುಂಗುತ್ತಿದ್ದ, ಗಡಿಯಾರ ಬೀಳಿಸಿದ್ದು ಇವಳೇ ಅನ್ನುವಾಗಲೂ, ಅಪ್ಪ ಅಮ್ಮನಿಗೆ ಅದು ಯಾವತ್ತೂ ತಿಳಿಯಲಿಲ್ಲ. ಈಗ ನಿಜ ಹೇಳುತ್ತಿದ್ದಾನೆ ನನ್ನಣ್ಣ. ಎಷ್ಟು ಸುಖವಾಯಿತೆಂದರೆ ಕಣ್ಣು ತುಂಬಿ ಹಸಿರು ದೀಪಗಳೆಲ್ಲ ಕಲಸಿಹೋದವು.

ನಿರೂಪಕ ಸುಮ್ಮನಿರಬೇಕಲ್ಲ, ಪೂಜ್ಯರೇ, ಒಂಬತ್ತು ವರ್ಷದ ಹಿಂದೆ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಉದ್ಘಾಟಿಸಿದ್ದು ನೀವೇ, ಇದೇ ಮಂತ್ರಿಗಳ ಪಕ್ಕ ನಿಂತು, ಆಗ ಆಶೀರ್ವಾದ ಈಗ ಶಾಪ, ಜನ ಯಾವುದನ್ನು ನಂಬಬೇಕು, ಅದರ ಹೊಗೆಯಿಂದ ಏನಾಗುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ — ಮಂತ್ರಿ ಕುರ್ಚಿಗೆ ಒರಗಿ ಕೂತ, ಮೀಸೆಯಡಿ ನಗು. ಗೊತ್ತಿತ್ತು ಅವನಿಗೆ. ನಾನೇ ಕಾಗದ ಬರೆದಿದ್ದೆ. ಇದೇ ವಿಜ್ಞಾನಿ ಅಂದೂ ಇಲ್ಲಿ ಬಂದು ಹೇಳಿದ್ದನ್ನು ಕೇಳಿ, ಮನೆಗೆ ಹೋದವಳೇ ನಾಲ್ಕು ಪುಟ ಬರೆದೆ, ಅಣ್ಣಾ ಆ ಉದ್ಘಾಟನೆಗೆ ಹೋಗಬೇಡ, ಆಕೆಯ ಮಾತು ಯಾರೂ ನಂಬಲ್ಲ, ನಿನ್ನ ದನಿ ನಂಬ್ತಾರೆ, ಅದನ್ನು ಅವರಿಗೆ ಕೊಡಬೇಡ. ರಿಜಿಸ್ಟರ್ ಅಂಚೆ. ಅವನೇ ರುಜು ಹಾಕಿದ ಸ್ವೀಕೃತಿ ಚೀಟಿ ವಾಪಸು ಬಂತು, ಗುರುವಿನ ಹೆಸರಲ್ಲ, ಮನೆಯಲ್ಲಿ ಇಟ್ಟ ಹೆಸರು, ಅದನ್ನು ನೋಡಿಯೇ ಒಂಬತ್ತು ವರ್ಷ ಕಳೆದಿದ್ದೇನೆ, ಉತ್ತರ ಬರದಿದ್ದರೇನು, ಓದಿದ್ದಾನೆ, ನನ್ನ ಕಾಗದ ಕೈಯಲ್ಲಿ ಹಿಡಿದಿದ್ದಾನೆ. ಗೊತ್ತಿತ್ತು ಅನ್ನು ಅಣ್ಣ. ಹಾಗೆ ಅಂದರೆ ಮಂತ್ರಿ ಅವನನ್ನು ಹರಿದು ತಿನ್ನುತ್ತಾನೆ, ಜನ ಛೀ ಅನ್ನುತ್ತಾರೆ, ಬೀದಿಗಾಗಿ ಆಡಿದ ಮಾತೆಲ್ಲ ನೀರುಪಾಲು, ತಿಳಿಯುತ್ತದೆ ನನಗೆ, ಆದರೂ ಬೇಕು, ನನ್ನದು ಸ್ವಾರ್ಥವೇ ಸರಿ, ತಂಗಿ ಹೇಳಿದ್ದಳು, ನಾನು ಕೇಳಲಿಲ್ಲ, ಅಷ್ಟು ಸಾಕು, ತಂಗಿ ಅಂತ ಒಂದು ಸಲ —

ಗುಟುಕು. ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ, ನನ್ನ ಗಂಟಲಲ್ಲೇ ಆದಷ್ಟು ಹತ್ತಿರ. ನನಗೆ ಯಾರೂ ಹೇಳಿರ್ಲಿಲ್ಲ, ಕರ್ಕೊಂಡು ಹೋದ ಮಂತ್ರಿಗಳೂ ಹೇಳ್ಲಿಲ್ಲ, ಹೇಳಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ. ಸಭೆ ಎದ್ದು ಚಪ್ಪಾಳೆ ತಟ್ಟಿತು, ದೀಪಗಳು ಕೆಂಪಿನವರೆಗೆ ಏರಿದವು, ಮಂತ್ರಿ ನೀರಿನ ಲೋಟ ಹುಡುಕಿದ, ವಿಜ್ಞಾನಿ ಕಣ್ಣೊರೆಸಿಕೊಳ್ಳುತ್ತಿದ್ದಾಳೆ, ಗೆದ್ದುಬಿಟ್ರಲ್ಲ ಗುರುಗಳು, ಕಿವಿಯಲ್ಲಿ ನಿರ್ದೇಶಕ, ಜಾಹೀರಾತಿಗೆ ಹೋಗೋಣ, ಮೂರನೇ ಮೈಕಿನ ದನಿ ಇಳಿಸಿ ಮೇಡಂ. ಇಳಿಸಬೇಕು. ಎಲ್ಲರೂ ನಂಬಿದರು, ಒಳ್ಳೆಯದೇ ಆಯಿತು, ಬೀದಿ ಉಳಿದರೂ ಉಳಿದೀತು. ಯಾರೂ ಹೇಳಿರಲಿಲ್ಲ. ಯಾರೂ. ಮೇಡಂ, ಮೂರನೇದು. ಅವನು ಕೈ ಮುಗಿದು ಕೂತಿದ್ದಾನೆ, ಚಪ್ಪಾಳೆ ನಿಂತಿದೆ, ಮೂರನೆಯ ಸಾಲಿನಲ್ಲಿ ತೀರಾ ಕೆಳಗಿನ ಆ ಹಸಿರು, ಅವನ ಉಸಿರು, ಹತ್ತುತ್ತದೆ, ಆರುತ್ತದೆ, ಬೆರಳು ಗುಂಡಿಯ ಮೇಲಿದೆ, ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ