ಬಾಳವ್ವನ ಬಾವಿಯ ಆಮೆ

ನಾನು ಒಂದು ಆಮೆ. ಬಾವಿಯ ಆಮೆ ಎನಿಸಿಕೊಂಡಿದ್ದರೂ ಹುಟ್ಟಿದ್ದು ಮಲಪ್ರಭೆಯ ದಂಡೆಯ ಮರಳಿನಲ್ಲಿ. ಮೊಟ್ಟೆಯೊಡೆದು ಹೊರಗೆ ಬಂದಾಗ ತಾಯಿ ಹತ್ತಿರ ಇರಲಿಲ್ಲ. ಮಕ್ಕಳ ಪಕ್ಕದಲ್ಲಿ ಕೂರುವ ಪದ್ಧತಿ ನಮ್ಮ ಕುಲದಲ್ಲಿಲ್ಲ, ಹಾಗಾಗಿ ನನಗೆ ಬೇಸರವೂ ಆಗಲಿಲ್ಲ. ಮುಂದೆ ಮೀನುಗಾರನೊಬ್ಬನ ಬಲೆಗೆ ಬಿದ್ದು ಗುಳೇದಗುಡ್ಡದ ಒಂದು ನೇಕಾರರ ಮನೆ ಸೇರಿದೆ.

ಅಂದು ಆ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯ. ಕೂಸು ದಾನವ್ವ, ಅದರ ತಾಯಿ ಬಾಳವ್ವ. ಅಜ್ಜಿ ಹಂಪವ್ವ ನನ್ನ ಬೆನ್ನಿಗೆ ಅರಿಸಿನ ಹಚ್ಚಿ, "ಇದರಂಗ ನೂರ್ ವರ್ಸ ಬಾಳ ನನ್ನವ್ವ" ಎಂದು ಕೂಸಿಗೆ ಹರಸಿ ನನ್ನನ್ನು ಬಾವಿಗೆ ಬಿಟ್ಟಳು. ಆಮೆ ಇದ್ದರೆ ನೀರು ಚೊಕ್ಕಟ ಎಂಬುದು ಓಣಿಯ ನಂಬಿಕೆ. ಕೂಸಿನ ಹೆಸರಿನಲ್ಲಿ ಬಿಟ್ಟ ಆಮೆಗೆ ಏನಾದರೂ ಆದರೆ ಕೂಸಿಗೂ ಅದೇ ಗತಿ ಎಂಬುದು ಆ ಮನೆಯ ನಂಬಿಕೆ. ಇದರ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಬಾವಿಯ ನೀರು ತಣ್ಣಗಿತ್ತು. ತಣ್ಣೀರಿನಲ್ಲಿ ನನ್ನ ಎದೆ ನಿಧಾನವಾಗಿ ಬಡಿಯುತ್ತದೆ, ಹಸಿವೂ ಅಷ್ಟಕ್ಕಷ್ಟೆ. ಹುಳವೋ ಪಾಚಿಯೋ ಸಿಕ್ಕಿದರೆ ತಿನ್ನುತ್ತಿದ್ದೆ. ಗಳಿಕೆ ಕಡಿಮೆ, ಖರ್ಚು ಅದಕ್ಕಿಂತ ಕಡಿಮೆ. ಬೆಳೆಯುವುದಕ್ಕೂ ಮೈ ಖರ್ಚು ಮಾಡಬೇಕು, ನಾನು ಆ ಗೋಜಿಗೆ ಹೋಗಲಿಲ್ಲ. ಬಾವಿಯ ಗೋಡೆಯ ಬಿರುಕಿನಲ್ಲಿ ಗುಬ್ಬಿಗಳಿದ್ದವು. ಅವುಗಳ ಮರಿಗಳು ದಿನವಿಡೀ ತಿಂದು, ನಾನೊಂದು ನಿದ್ದೆ ಮುಗಿಸುವುದರೊಳಗೆ ಬೆಳೆದು ಹಾರುತ್ತಿದ್ದವು, ಕೆಲವೇ ವರ್ಷಗಳಲ್ಲಿ ಸತ್ತೂ ಹೋಗುತ್ತಿದ್ದವು. ದೊಡ್ಡ ಉರಿಯ ಒಲೆಗೆ ಕಟ್ಟಿಗೆ ಬೇಗ ಮುಗಿಯುತ್ತದೆ. ನಾನು ಕೆಳಗಿನಿಂದ ಬಾವಿಗೆ ಬಗ್ಗುವವರ ಗದ್ದ, ಮೂಗಿನ ಹೊಳ್ಳೆ ನೋಡುತ್ತ ಕಾಲ ಕಳೆದೆ.

ಮೇಲೆ ಮಾತ್ರ ಒಂದು ಚಿಂತೆ ಬೆಳೆಯುತ್ತಿತ್ತು. ದಾನವ್ವನ ವಾರಿಗೆಯ ಹುಡುಗಿಯರು ಕೊಡ ಹೊರುವಂತಾದರೂ ಅವಳು ಬಾವಿಯ ಕಟ್ಟೆಗೂ ಎಟುಕುತ್ತಿರಲಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ತಾಯತ ಕಟ್ಟಿದರು, ದೃಷ್ಟಿ ತೆಗೆದರು. ತಂದೆ ಕುಪ್ಪಸದ ಖಣಗಳ ಗಂಟು ಹೊತ್ತು ಮಾರುತ್ತ ಊರೂರು ತಿರುಗುವವನು, ಮನೆಯಲ್ಲಿದ್ದುದೇ ಅಪರೂಪ. ಒಂದು ದಿನ ಬಾಳವ್ವ ಬಗ್ಗಿ ನನ್ನನ್ನು ನೋಡಿದಳು.

"ನೋಡ್ರಿ ಅತ್ತಿ, ಆಮೀನೂ ಬೆಳೀವಲ್ದು, ಕೂಸೂ ಬೆಳೀವಲ್ದು. ಇದರ ಹೊಟ್ಟಿ ತುಂಬಿಸಿದ್ರ ಕೂಸೂ ಏಳತೈತಿ."

ನನ್ನನ್ನು ಬಕೆಟ್ಟಿನಲ್ಲಿ ಮೇಲೆತ್ತಿ ಹಿತ್ತಲಿನ ಕಲ್ಲಿನ ತೊಟ್ಟಿಗೆ ಬಿಟ್ಟರು. ಬಿಸಿಲು ತಾಗಿದ್ದೇ ತಡ, ಎದೆ ಜೋರಾಗಿ ಬಡಿಯಿತು. ಹಸಿವೆಂದರೇನೆಂದು ನನಗೆ ಆಗ ತಿಳಿಯಿತು. ಬಾಳವ್ವ ಹಗಲೆಲ್ಲ ಮಗ್ಗದಲ್ಲಿ ಕೂತು ನೇಯುತ್ತಿದ್ದಳು. ತನ್ನ ರೊಟ್ಟಿಯಲ್ಲಿ ಅರ್ಧ ಮಗಳಿಗೆ, ಉಳಿದದ್ದರಲ್ಲಿ ಅರ್ಧ ನನಗೆ. ನನ್ನ ಚಿಪ್ಪು ಅಗಲವಾಯಿತು. ದಾನವ್ವ ಇದ್ದ ಹಾಗೇ ಇದ್ದಳು, ಬಾಳವ್ವನ ಕೊರಳ ಎಲುಬು ಎದ್ದು ಕಾಣತೊಡಗಿತು.

"ಕೂಸಿನ ಪಾಲಿಂದೂ ಇದಾ ಬೆಳ್ಯಾಕತ್ತೈತಿ" ಎಂದು ಹಂಪವ್ವ ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದಳು.

ಎಳ್ಳಮಾವಾಸ್ಯೆಯ ಹೊತ್ತಿಗೆ ಚಳಿ ಬಿತ್ತು. ತೊಟ್ಟಿಯ ನೀರು ಕೊರೆಯುವಂತಾದಾಗ ಆಮೆ ಮಾಡುವುದನ್ನೇ ನಾನೂ ಮಾಡಿದೆ. ಕಣ್ಣು ಮುಚ್ಚಿ, ಕೈಕಾಲು ಒಳಗೆಳೆದುಕೊಂಡು ಖರ್ಚೆಲ್ಲ ನಿಲ್ಲಿಸಿದೆ. ಬೆಳಿಗ್ಗೆ ರೊಟ್ಟಿಯ ಚೂರು ತಂದ ಬಾಳವ್ವ ನನ್ನನ್ನು ಅಲುಗಾಡಿಸಿದಳು, ತಿರುವಿ ಹಾಕಿದಳು.

"ಅಯ್ಯೋ ಶಿವನ, ಸತ್ತೈತಲ್ಲೋ! ನನ್ನ ಕೂಸಿನ ಗತಿ ಏನೋ!"

ಮಗಳನ್ನು ಕೌದಿಯಲ್ಲಿ ಸುತ್ತಿಕೊಂಡು ದೊಡ್ಡಾಸ್ಪತ್ರೆಗೆಂದು ಬಸ್ಸಿನ ಕಡೆ ಓಡಿದಳು. ಬಿಸಿಲೇರಿದ ಮೇಲೆ ನಾನು ಕತ್ತು ಹೊರಗೆ ಹಾಕಿದೆ. ಹಂಪವ್ವ ಹೌಹಾರಿ, "ಸತ್ತಿಲ್ಲಾ ಇದು!" ಎಂದು ಬೀದಿಗೆ ಹೋಗಿ ಕೂಗಿದಳು. ಅಷ್ಟರಲ್ಲಿ ಬಾಗಲಕೋಟೆಯ ಬಸ್ಸು ಹೊರಟಾಗಿತ್ತು.

ಕೆಲವು ದಿನಗಳ ಮೇಲೆ ತಾಯಿ ಮಗಳು ತಿರುಗಿ ಬಂದರು. ಬಾಳವ್ವ ಹಿತ್ತಲಿನಲ್ಲಿ ಕೂತು ಅತ್ತೆಗೆ ಹೇಳಿದಳು.

"ಕೊಳ್ಳಾಗ ಗಂಟಿನ ಕ್ಷಯ ಐತಂತ್ರಿ. ಉಂಡದ್ದೆಲ್ಲಾ ಆ ಜಡ್ಡಿನ ಜೋಡಿ ಬಡಿದಾಡಾಕ ಹೋಗತೈತಂತ, ಬೆಳ್ಯಾಕ ಏನೂ ಉಳ್ಯಾಂಗಿಲ್ಲಂತ. ಇನ್ನೊಂಚೂರು ತಡಾ ಮಾಡಿದ್ರ ಕೈಗೆ ಸಿಗತಿರಲಿಲ್ಲ ಅಂದ್ರು ಡಾಕ್ಟರಬಾಯಾರು. ಗುಳಗಿ ಕೊಟ್ಟಾರ್ರಿ."

ಆಗ ಅವಳ ಕಣ್ಣು ತೊಟ್ಟಿಯತ್ತ ಹೋಯಿತು. ನಾನು ಸೊಪ್ಪು ತಿನ್ನುತ್ತಿದ್ದೆ. ಅವಳು ನಕ್ಕಳು, ನಗುತ್ತಲೇ ಅತ್ತಳು. "ಸತ್ತಂಗ ಆಟಾ ಹೂಡಿದ್ಯಲ್ಲ! ನಿನ್ನ ಹೊಟ್ಟಿ ತಣ್ಣಗಿರಲಿ" ಎಂದು ತಾನೇ ಎತ್ತಿ ನನ್ನನ್ನು ಬಾವಿಗೆ ಬಿಟ್ಟಳು.

ಗುಳಿಗೆ ಮುಗಿಯುವ ಹೊತ್ತಿಗೆ ದಾನವ್ವನಿಗೆ ಉಂಡದ್ದು ಮೈಗೆ ಹತ್ತತೊಡಗಿತು. ಮೊದಲು ಕಟ್ಟೆಯ ಮೇಲೆ ಹಣೆ ಕಂಡಿತು, ಮುಂದಿನ ಬೇಸಿಗೆಗೆ ಇಡೀ ಮುಖ. ಬಾಳವ್ವ ಮಾತ್ರ ಅರ್ಧ ರೊಟ್ಟಿಯ ರೂಢಿ ಬಿಡಲಿಲ್ಲ. ಮಗಳ ಮದುವೆ ಮಾಡಿ, ತಲೆ ನರೆಯುವ ಮೊದಲೇ, ಮಗ್ಗದ ಮುಂದೆಯೇ ಒರಗಿದಳು. ಮೈಯಲ್ಲಿ ಕಸುವೇ ಉಳಿದಿರಲಿಲ್ಲ ಎಂದು ಜನ ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರು.

ಈಗ ಮನೆಗೆ ನಲ್ಲಿ ಬಂದಿದೆ. ಬಾವಿಯ ಮೇಲೆ ಕಬ್ಬಿಣದ ಜಾಲರಿ ಇದೆ. ತವರಿಗೆ ಬಂದಾಗಲೆಲ್ಲ ದಾನವ್ವ ಬಗ್ಗಿ ನೋಡುತ್ತಾಳೆ. ಮೊನ್ನೆ ಬಂದಾಗ ಅವಳ ಬೈತಲೆಯ ಎರಡೂ ಕಡೆ ಬೆಳ್ಳಗಾಗಿತ್ತು. ಜಾಲರಿಗೆ ಹಣೆ ಒತ್ತಿ, "ನಮ್ಮವ್ವಗಿಂತ ನಾನಾ ದೊಡ್ಡಾಕಿ ಆದ್ನೆಲ್ಲ" ಎಂದಳು.

ನನಗೆ ಬಾಳವ್ವನ ನೆನಪು ಬಂತು. ಆಮೆಗೆ ಹೀಗಾಗುವುದು ಅಪರೂಪ. ಆಯುಷ್ಯ ಉಳಿಸುವುದು ನನಗೆ ಚೆನ್ನಾಗಿ ಗೊತ್ತು. ಉಳಿಸಿದ್ದನ್ನು ಯಾರಿಗೆ ಕೊಡಬೇಕೆಂಬುದು ಮಾತ್ರ ಇನ್ನೂ ಗೊತ್ತಾಗಿಲ್ಲ.