ಗೇರಿನ ಕಲೆ

ಮಾರ್ಚ್ ತಿಂಗಳ ಕೊನೆ, ಗೇರು ಹಣ್ಣಾಗಿ ಉದುರುವ ಕಾಲ. ಬೆಳಗಿನ ಬಿಸಿಲು ಇನ್ನೂ ಗುಡ್ಡ ಹತ್ತಿರಲಿಲ್ಲ. ಪುತ್ತಿಗೆಯ ಚಿನ್ನಯ್ಯ ಮತ್ತು ಅವನ ಹೆಂಡತಿ ಪ್ರೇಮಾವತಿ ಬೆಳ್ತಂಗಡಿಯಿಂದ ಒಳಗಿನ ಒಂದು ಆಶ್ರಮದ ಗೇಟಿನಲ್ಲಿ ರಿಕ್ಷಾದಿಂದ ಇಳಿದರು. ಗೇಟು ದಾಟಿದ ಕೂಡಲೇ ಒಂದು ಕಟ್ಟೆ. ಬಂದವರು ಅದರ ಬುಡದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಮತ್ತೆ ಹಾಕುವುದು ಹೊರಡುವ ದಿನ. ಅಲ್ಲಿಯ ಕ್ರಮ ಅದು.

ಯೋಗ ಕಲಿಸುವ ಧನರಾಜ್ ಕಟ್ಟೆಯ ಹತ್ತಿರವೇ ನಿಂತಿದ್ದ. ಮೆತ್ತಗಿನ ಮಾತಿನ ಮನುಷ್ಯ. ಚಿನ್ನಯ್ಯನಿಗೆ ಸಕ್ಕರೆ ಕಾಯಿಲೆ ಎಂದು ಅವನಿಗೆ ಫೋನಿನಲ್ಲೇ ಗೊತ್ತಾಗಿತ್ತು.

"ನೀವು ಚಪ್ಪಲಿ ಹಾಕಿಕೊಂಡೇ ಇರಿ ಅಣ್ಣ. ಶುಗರ್ ಇದ್ದವರು ಕಾಲು ಜಾಗ್ರತೆ ಮಾಡಬೇಕು. ನಿಮಗೆ ಯಾರೂ ಏನೂ ಹೇಳುವುದಿಲ್ಲ."

"ಎಲ್ಲರೂ ಬರಿಗಾಲು, ನಾನೊಬ್ಬ ಮಾತ್ರ ದೊಡ್ಡ ಜನವಾ?" ಎಂದು ಚಿನ್ನಯ್ಯ ನಕ್ಕ. "ದೀಪ ಇಡುವ ಜಾಗಕ್ಕೆ ಚಪ್ಪಲಿ ಹಾಕಿ ಹೋದರೆ ನನ್ನ ಮನಸ್ಸಿಗೇ ಸಮ ಆಗುವುದಿಲ್ಲ ಮಾಷ್ಟ್ರೇ."

ಚಪ್ಪಲಿ ಬಿಟ್ಟ. ಬಲಗಾಲಿನದ್ದು ಕಳಚಿದ್ದು ಗೊತ್ತಾಗದೆ, ಕೆಳಗೆ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡ.

ಅವನು ಬಂದದ್ದೇ ಆ ಬಲಗಾಲಿಗಾಗಿ. ಚಿನ್ನಯ್ಯ ಬಸ್ಸಿನ ಡ್ರೈವರ್. ಮೂಡುಬಿದಿರೆಯಿಂದ ಬಂಟ್ವಾಳ, ಬಿ.ಸಿ.ರೋಡ್ ಮೂಲಕ ಫರಂಗಿಪೇಟೆಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಅವನ ಅರ್ಧ ಆಯುಷ್ಯ ಕಳೆದಿತ್ತು. ಕಂಡಕ್ಟರ್ ಇರ್ಷಾದನ ಸೀಟಿ ಕೇಳಿ ಕೇಳಿ, ಮನೆಯಲ್ಲಿ ಕುಕ್ಕರ್ ಕೂಗಿದರೂ ಕಾಲು ತನ್ನಿಂದ ತಾನೇ ಒತ್ತುತ್ತದೆ ಎಂದು ಪ್ರೇಮಾವತಿ ತಮಾಷೆ ಮಾಡುತ್ತಿದ್ದಳು. ಹಿಂದಿನ ಮಳೆಗಾಲ ಮುಗಿದ ಮೇಲೆ ಒಂದು ದಿನ ಫರಂಗಿಪೇಟೆಯಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುತ್ತಿದ್ದರು. ಬ್ರೇಕಿನ ಮೇಲೆ ಕಾಲು ಉಂಟೋ ಇಲ್ಲವೋ ಚಿನ್ನಯ್ಯನಿಗೆ ತಿಳಿಯಲಿಲ್ಲ. ಬಸ್ಸು ನಿಂತಿತು, ಮಕ್ಕಳಿಗೆ ಏನೂ ಆಗಲಿಲ್ಲ. ಆದರೆ ಅವನು ಅಲ್ಲಿಯೇ ಇಳಿದು, ಕೀ ತೆಗೆದು ಇರ್ಷಾದನ ಕೈಗೆ ಕೊಟ್ಟ. ನನ್ನ ಕಾಲಿಗೆ ಸ್ಪರ್ಶ ಬರುವವರೆಗೆ ನಾನು ಈ ಸೀಟಿನಲ್ಲಿ ಕೂರುವುದಿಲ್ಲ ಎಂದ. ಯಾರೂ ಹೇಳಿ ಇಳಿಸಿದ್ದಲ್ಲ.

"ಬಸ್ಸಿನ ಧಣಿಗಳ ಹತ್ತಿರ ನಾನು ಮಾತಾಡ್ತೇನೆ ಚಿನ್ನಯ್ಯಣ್ಣ. ಸೀಟು ನಿಮ್ಮದೇ. ಹೋಗಿ ಕಾಲು ಸರಿ ಮಾಡಿಕೊಂಡು ಬನ್ನಿ" ಎಂದು ಇರ್ಷಾದ್ ಹೇಳಿದ್ದ. ಆ ಮಾತಿನ ಮೇಲೆ ಚಿನ್ನಯ್ಯ ಮದ್ದು ತಿಂದ, ಅನ್ನ ಬಿಟ್ಟ, ಕೊನೆಗೆ ಯೋಗದಿಂದ ನರಕ್ಕೆ ಜೀವ ಬರುತ್ತದೆ ಎಂದು ಯಾರೋ ಹೇಳಿದ್ದು ಕೇಳಿ ಇಲ್ಲಿಗೆ ಬಂದ.

ಬೆಳಗಿನ ಅಭ್ಯಾಸಕ್ಕೆ ಸಭಾಂಗಣದಲ್ಲಿ ಗಂಡಸರು ಮುಂದೆ, ಹೆಂಗಸರು ಹಿಂದೆ ಕೂರುತ್ತಿದ್ದರು. ಮಧ್ಯಾಹ್ನದ ಊಟದವರೆಗೆ ಯಾರೂ ಮಾತಾಡುವಂತಿಲ್ಲ. ಪ್ರೇಮಾವತಿಯ ಚಾಪೆ ಗಂಡನ ಚಾಪೆಯ ನೇರ ಹಿಂದೆ. ಮಂಡಿ ಮಡಚಿ ಕೂತು ಹಣೆಯನ್ನು ನೆಲಕ್ಕೆ ತಾಗಿಸುವಾಗ ಎಲ್ಲ ಗಂಡಸರ ಅಂಗಾಲುಗಳೂ ಹೆಂಗಸರ ಕಣ್ಣಿಗೆ ಬೀಳುತ್ತಿದ್ದವು. ಒಡೆದ ಹಿಮ್ಮಡಿಗಳು, ಕೆಂಪು ಮಣ್ಣು ಹಿಡಿದ ಬೆರಳುಗಳು. ಮೊದಮೊದಲು ಅವಳಿಗೆ ನಗು ಬರುತ್ತಿತ್ತು, ಮೌನ ಎಂದು ನುಂಗಿಕೊಳ್ಳುತ್ತಿದ್ದಳು.

ಸಂಜೆ ಸೇವೆ. ಆಶ್ರಮದ ಸುತ್ತ ಇದ್ದದ್ದು ಬಿದಿರ ಮುಳ್ಳಿನ ಬೇಲಿ ಹಾಕಿದ ಗೇರು ತೋಪು. ಎಲ್ಲರೂ ಬುಟ್ಟಿ ಹಿಡಿದು ಹಣ್ಣು ಹೆಕ್ಕುವುದು, ಬೀಜ ತಿರುಚಿ ತೆಗೆಯುವುದು, ಹಣ್ಣನ್ನು ಸಭಾಂಗಣದ ಹಿಂದಿನ ಹೊಂಡಕ್ಕೆ ಹಾಕುವುದು. ಗೇರಿನ ಸೊನೆ ತಾಗಿದರೆ ಚರ್ಮ ಕಪ್ಪಾಗುತ್ತದೆ, ಕೆಲವೊಮ್ಮೆ ಬೊಬ್ಬೆ ಏಳುತ್ತದೆ, ವಾರ ಕಳೆದರೆ ಸಿಪ್ಪೆ ಎದ್ದು ಹೋಗುತ್ತದೆ. ನಮ್ಮ ಕಡೆ ಹುಟ್ಟಿದವರು ಯಾರೂ ಅದಕ್ಕೆ ಮದ್ದು ಹುಡುಕುವುದಿಲ್ಲ. ನಾಲ್ಕು ದಿನದಲ್ಲಿ ಎಲ್ಲರ ಕೈಕಾಲಿನಲ್ಲೂ ಆ ಕಲೆ. ಹೊಂಡದಲ್ಲಿ ಕೊಳೆತ ಹಣ್ಣಿನ ಹುಳಿ ನಾತ ಹಗಲೂ ರಾತ್ರಿಯೂ ಸಭಾಂಗಣದ ಒಳಗೆ ಇರುತ್ತಿತ್ತು.

ಹಾಗಾಗಿ ಗಂಡನ ಬಲ ಅಂಗಾಲಿನಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಒಂದು ಕಪ್ಪು ಕಲೆ ಕಂಡಾಗ ಪ್ರೇಮಾವತಿಗೆ ಏನೂ ಅನ್ನಿಸಲಿಲ್ಲ. ಮಾರನೇ ದಿನ ಅದು ದೊಡ್ಡದಾಗಿತ್ತು. ಸಂಜೆ ಮಾತಿನ ಹೊತ್ತಿಗೆ ಕೇಳಿದಳು.

"ನಿಮ್ಮ ಕಾಲಿಗೆ ಎಂತ ಆದದ್ದು?"

"ಎಲ್ಲರಿಗೂ ಆದದ್ದೇ ಮಾರಾಯ್ತಿ. ಗೇರಿನದ್ದು. ನಿನ್ನ ಕೈ ನೋಡಿಕೋ, ಮಸಿ ತೊಳೆದವಳ ಹಾಗೆ ಉಂಟು."

ಧನರಾಜನೂ ಒಮ್ಮೆ ಬಗ್ಗಿ ನೋಡಿದ. "ಸೊನೆಯಾ ಅಣ್ಣ?" ಎಂದ. ಚಿನ್ನಯ್ಯ ಹೌದೆಂದು ತಲೆ ಅಲ್ಲಾಡಿಸಿದ. ಮುಟ್ಟಿ ನೋಡಲು ಕೈ ಚಾಚಿದ ಧನರಾಜನಿಂದ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಗುರು ಎಂದು ಕೂತವನು ತನ್ನ ಕಾಲು ಮುಟ್ಟುವುದೆಂದರೆ ಅವನಿಗೆ ಸಂಕೋಚ. ಧನರಾಜನ ಪಾದಗಳಲ್ಲೂ ಅದೇ ಕಪ್ಪು ಇತ್ತು.

ಆ ರಾತ್ರಿ ಊಟದ ನಂತರ ಚಿನ್ನಯ್ಯ ಜಗಲಿಯಲ್ಲಿ ಕೂತವನು ಹೆಂಡತಿಯನ್ನು ಕರೆದ. ಅವನ ಮುಖದಲ್ಲಿ ಅಷ್ಟು ಖುಷಿಯನ್ನು ಅವಳು ಆ ಇಡೀ ವರ್ಷದಲ್ಲಿ ಕಂಡಿರಲಿಲ್ಲ.

"ಪ್ರೇಮಾ, ಕಾಲಿಗೆ ಜೀವ ಬರ್ತಾ ಉಂಟು."

"ಹೇಗೆ ಗೊತ್ತು?"

"ಇರುವೆ ಹರಿದ ಹಾಗೆ ಆಗ್ತದೆ. ಮೊಣಕಾಲಿನವರೆಗೂ ಬಿಸಿ. ಅಂಗೈ ಇಡು ಇಲ್ಲಿ."

ಅವಳು ನೆಲದಲ್ಲಿ ಕೂತು ಅಂಗೈ ಇಟ್ಟಳು. ಅವನು ಅದರ ಮೇಲೆ ಬಲಗಾಲಿಟ್ಟು, ಬಸ್ಸು ನಿಲ್ಲಿಸುವವನ ಹಾಗೆ ನಿಧಾನ ಒತ್ತಿದ.

"ಮೆತ್ತಗೆ ಬಂತಾ? ಝಟಕಾ ಇಲ್ಲವಲ್ಲ?"

"ಇಲ್ಲ. ನಿಂತಿತು" ಎಂದಳು ಅವಳು.

ಕಾಲು ಕೆಂಡದ ಹಾಗೆ ಸುಡುತ್ತಿತ್ತು. ಯೋಗದಿಂದ ರಕ್ತ ಓಡುತ್ತಿದೆ ಎಂದೇ ಇಬ್ಬರೂ ತಿಳಿದರು. ಚಿನ್ನಯ್ಯ ಆಗಲೇ ಇರ್ಷಾದನಿಗೆ ಫೋನ್ ಮಾಡಿದ.

"ಏ ಇರ್ಷಾದ್, ಸೀಟಿನ ಧೂಳು ಒರೆಸಿ ಇಡು ಮಾರಾಯ. ಬರುವ ಸೋಮವಾರ ನಾನು ಬರ್ತೇನೆ."

ಆ ಕಡೆಯಿಂದ ಮೊದಲು ಊಟ ಆಯ್ತಾ ಎಂಬ ಪ್ರಶ್ನೆ ಬಂತು. ಆಮೇಲೆ, "ಆಯ್ತು ಚಿನ್ನಯ್ಯಣ್ಣ, ಬನ್ನಿ" ಎಂದ ಇರ್ಷಾದ್.

ಶನಿವಾರದ ಬೆಳಿಗ್ಗೆ ಹಣೆ ನೆಲಕ್ಕಿಟ್ಟ ಚಿನ್ನಯ್ಯ ಏಳಲಿಲ್ಲ. ಬೆನ್ನು ನಡುಗುತ್ತಿತ್ತು. ಹಿಂದಿದ್ದ ಪ್ರೇಮಾವತಿ ಮೌನ ಮುರಿದು "ಮಾಷ್ಟ್ರೇ" ಎಂದು ಕೂಗಿದಳು. ಧನರಾಜ್ ಬಂದು ಹಣೆ ಮುಟ್ಟಿ, ಕಂಬಳಿ ತರಿಸಿದ. ಕಾಲಿಗೆ ತೆಂಗಿನೆಣ್ಣೆ ಉಜ್ಜಿದರೆ ನಡುಕ ಇಳಿದೀತು ಎಂದು ಪ್ರೇಮಾವತಿ ಎಣ್ಣೆ ಹಚ್ಚಿದಳು. ಬಲಗಾಲಿನ ಕಪ್ಪಿನ ಮೇಲೆ ಹೆಬ್ಬೆರಳು ಎಳೆದ ಕೂಡಲೇ ಚರ್ಮ ಅವಳ ಕೈಯೊಂದಿಗೇ ಜಾರಿ ಬಂತು. ಒಳಗೆ ಮಾಂಸ ಇರಲಿಲ್ಲ, ಬೂದು ಬಣ್ಣದ ನೀರು. ನಾತ ಎದ್ದಿತು. ಅಷ್ಟೂ ದಿನ ಕಿಟಕಿಯಿಂದ ಬರುತ್ತಿದೆ ಎಂದುಕೊಂಡ ನಾತವೇ ಅದು.

ಧನರಾಜ್ ಅವನನ್ನು ತನ್ನ ಕಾರಿನಲ್ಲೇ ಬೆಳ್ತಂಗಡಿಯ ಆಸ್ಪತ್ರೆಗೆ ಒಯ್ದ. ಅಲ್ಲಿಂದ ಮಂಗಳೂರಿಗೆ ಕಳುಹಿಸಿದರು. ಅಲ್ಲಿಯ ಡಾಕ್ಟರು ಗಾಯದ ಒಳಗಿಂದ ಒಂದು ಮುಳ್ಳು ತೆಗೆದು ತೋರಿಸಿದರು. ಬಿದಿರಿನದ್ದು. ಬಂದ ಮೊದಲ ಅಥವಾ ಎರಡನೇ ದಿನ ಹೊಕ್ಕಿರಬೇಕು ಎಂದರು. ಕಾಲನ್ನು ಮೊಣಕಾಲಿನ ಕೆಳಗೆ ಇವತ್ತೇ ತೆಗೆಯಬೇಕು, ನಾಳೆಯಾದರೆ ವಿಷ ಮೇಲೆ ಹೋಗುತ್ತದೆ ಎಂದರು.

ಚಿನ್ನಯ್ಯ ಒಪ್ಪಲಿಲ್ಲ.

"ನೋವು ಗೊತ್ತಾಗ್ತದೆ ಡಾಕ್ಟ್ರೇ. ಸತ್ತ ಕಾಲಾದರೆ ನೋಯ್ತದಾ? ಇಷ್ಟು ಸಮಯ ಕಾಲು ಉಂಟೋ ಇಲ್ಲವೋ ಅಂತ ಬಗ್ಗಿ ನೋಡ್ತಿದ್ದವ ನಾನು. ಈಗ ನೋವು ಬಂದಿದೆ, ಈಗ ತೆಗೀತೀರಾ?"

"ಹೇಳಿದ್ದು ಕೇಳಿ" ಎಂದು ಪ್ರೇಮಾವತಿ ಅತ್ತಳು.

"ಸೋಮವಾರ ಬಸ್ಸು ಉಂಟು ನನಗೆ" ಎಂದ.

ಭಾನುವಾರ ಇಡೀ ದಿನ ಹಾಗೆಯೇ ಹೋಯಿತು. ಜ್ವರ ಏರಿತು. ಸೋಮವಾರ ಬೆಳಿಗ್ಗೆ ಇರ್ಷಾದ್ ಬಂದ, ಖಾಕಿ ಅಂಗಿಯಲ್ಲೇ. ಮಂಚದ ಹತ್ತಿರ ನಿಂತು ಬಹಳ ಹೊತ್ತು ಟೋಪಿ ತಿರುಗಿಸುತ್ತಿದ್ದ.

"ಬಸ್ಸು ಬಿಟ್ಟು ಬಂದದ್ದಾ?" ಚಿನ್ನಯ್ಯ ಕೇಳಿದ.

"ಬಸ್ಸು ಹೋಗಿದೆ ಚಿನ್ನಯ್ಯಣ್ಣ."

"ಯಾರು ಓಡಿಸುವುದು?"

"ನೌಫಲ್ ಅಂತ, ಹುಡುಗ. ನೀವು ಇಳಿದ ಮರುದಿನವೇ ಧಣಿಗಳು ಅವನನ್ನು ಹಾಕಿದ್ದಾರೆ. ಸೀಟು ಇಲ್ಲ ಚಿನ್ನಯ್ಯಣ್ಣ. ಆವತ್ತಿನಿಂದಲೇ ಇರಲಿಲ್ಲ. ನಿಮಗೆ ಹೇಳ್ಲಿಕ್ಕೆ ನನಗೆ ಬಾಯಿ ಬರಲಿಲ್ಲ." ಅವನು ಮಂಚದ ಕಂಬಿ ಹಿಡಿದುಕೊಂಡ. "ಆ ಕಾಲು ಕೊಟ್ಟುಬಿಡಿ. ಇನ್ನು ಯಾವ ಬ್ರೇಕಿಗೂ ಅದು ಬೇಡ."

ಚಿನ್ನಯ್ಯ ಅವನನ್ನು ನೋಡಿದ. ಬೈಯಲಿಲ್ಲ.

"ಹುಡುಗ ಹೇಗೆ? ಮೆತ್ತಗೆ ನಿಲ್ಲಿಸ್ತಾನಾ?"

"ನಿಮ್ಮ ಹಾಗೆ ಇಲ್ಲ."

"ಹೇಳಿಕೊಡು" ಎಂದು ಗೋಡೆಯ ಕಡೆ ತಿರುಗಿದ. ಡಾಕ್ಟರು ತಂದ ಕಾಗದಕ್ಕೆ ನೋಡದೆಯೇ ಹೆಬ್ಬೆಟ್ಟು ಒತ್ತಿದ. ಸಹಿ ಮಾಡಲು ಬರುತ್ತಿತ್ತು ಅವನಿಗೆ. ಪೆನ್ನು ಮುಟ್ಟಲಿಲ್ಲ.

ಕಾಲು ತೆಗೆದರು. ಅಷ್ಟರಲ್ಲಿ ವಿಷ ಮೇಲೆ ಹೋಗಿ ಆಗಿತ್ತು. ಮತ್ತೆ ಅವನಿಗೆ ಸರಿಯಾಗಿ ಎಚ್ಚರವೇ ಬರಲಿಲ್ಲ. ಆಗಾಗ ಹೊದಿಕೆಯ ಅಡಿಯಲ್ಲಿ ಬಲತೊಡೆ ಏಳುತ್ತಿತ್ತು, ಏನನ್ನೋ ಒತ್ತಲು ಹೋದ ಹಾಗೆ ಕೆಳಗಿಳಿಯುತ್ತಿತ್ತು. ಪ್ರೇಮಾವತಿ ಮಂಚದ ಕಾಲ ಕಡೆಗೆ ಹೋಗಿ, ಪಾದ ಇರಬೇಕಾದ ಜಾಗದಲ್ಲಿ ಅಂಗೈ ಇಟ್ಟುಕೊಂಡು ಕೂತಳು. ಅವಳ ಅಂಗೈಯಲ್ಲಿ ಗೇರಿನ ಕಪ್ಪು ಸಿಪ್ಪೆಯಾಗಿ ಏಳತೊಡಗಿತ್ತು.

"ನಿಂತಿತು" ಎಂದು ಅವಳು ಪ್ರತಿ ಸಲವೂ ಹೇಳುತ್ತಿದ್ದಳು.

ಗುರುವಾರ ಧನರಾಜ್ ಇಬ್ಬರ ಬಟ್ಟೆಯ ಚೀಲವನ್ನೂ ಕಟ್ಟೆಯ ಬುಡದಲ್ಲಿದ್ದ ಚಪ್ಪಲಿಗಳನ್ನೂ ತಂದು ವಾರ್ಡಿನ ಹೊರಗೆ ಇಟ್ಟು, ಒಳಗೆ ಬರಲಾರದೆ ಹಾಗೆಯೇ ಹೋದ. ಚಿನ್ನಯ್ಯನ ಜೀವ ಹೋದದ್ದು ಶುಕ್ರವಾರ ಬೆಳಿಗ್ಗೆ, ಮೂಡುಬಿದಿರೆಯಿಂದ ಮೊದಲ ಬಸ್ಸು ಹೊರಡುವ ಹೊತ್ತಿಗೆ.